ರನ್ ಮಾಡದ ಉದಾಹರಣೆಯನ್ನು ಅಚ್ಚು ಹಾಕಬಾರದು

ಹೊಸ ಸಾಫ್ಟ್‌ವೇರ್ ಲೈಬ್ರರಿಯೊಂದನ್ನು ಕೈಗೆತ್ತಿಕೊಂಡ ಪ್ರೋಗ್ರಾಮರ್‌ಗಳು ಅದರ ಕೈಪಿಡಿಯನ್ನು ಮೊದಲ ಪುಟದಿಂದ ಕೊನೆಯವರೆಗೆ ಓದುವುದು ಅಪರೂಪ. ವಿವರಣೆಯ ಪ್ಯಾರಾಗಳನ್ನು ದಾಟಿ, ಚೌಕಟ್ಟಿನೊಳಗೆ ಬೇರೆ ಅಕ್ಷರವಿನ್ಯಾಸದಲ್ಲಿ ಕಾಣುವ ನಾಲ್ಕಾರು ಸಾಲು ಕೋಡ್ ಎಲ್ಲಿದೆ ಎಂದು ಅವರ ಕಣ್ಣು ಹುಡುಕುತ್ತದೆ. ಆ ಸಾಲುಗಳನ್ನು ಕಾಪಿ ಮಾಡಿ, ತಮ್ಮ ಕಂಪ್ಯೂಟರ್‌ನಲ್ಲಿ ರನ್ ಮಾಡಿ ನೋಡುತ್ತಾರೆ. ಕೈಪಿಡಿ ಹೇಳಿದ ಉತ್ತರವೇ ಬಂದರೆ ಮುಂದಕ್ಕೆ ಹೋಗುತ್ತಾರೆ. ಬರದಿದ್ದರೆ ಆ ಹೊತ್ತಿನ ಕೆಲಸ ಅಲ್ಲಿಗೇ ನಿಲ್ಲುತ್ತದೆ. ಮ್ಯಾಕ್‌ಗಿಲ್ ವಿಶ್ವವಿದ್ಯಾಲಯದ ಮಾರ್ಟಿನ್ ರೊಬಿಲಾರ್ಡ್ ಅವರು ಮೈಕ್ರೋಸಾಫ್ಟ್‌ನ ಡೆವಲಪರ್‌ಗಳನ್ನು ವಿಚಾರಿಸಿ 2009ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಹೊಸ ಲೈಬ್ರರಿ ಕಲಿಯಲು ಎದುರಾಗುವ ದೊಡ್ಡ ಅಡ್ಡಿ ಲೈಬ್ರರಿಯ ರಚನೆಗಿಂತ ಹೆಚ್ಚಾಗಿ ಕಲಿಕೆಯ ಸಾಮಗ್ರಿಯ ಕೊರತೆ, ಅದರಲ್ಲೂ ಒಳ್ಳೆಯ ಉದಾಹರಣೆಗಳ ಕೊರತೆ ಎಂಬುದು ಕಂಡುಬಂದಿತ್ತು. ಗಿಟ್‌ಹಬ್ 2017ರಲ್ಲಿ ನಡೆಸಿದ ಮುಕ್ತ ತಂತ್ರಾಂಶ ಸಮೀಕ್ಷೆಯಲ್ಲಿ ಶೇ 93ರಷ್ಟು ಮಂದಿ ಅಪೂರ್ಣ ಅಥವಾ ಹಳತಾದ ಡಾಕ್ಯುಮೆಂಟೇಶನ್ ತಾವು ಕಂಡ ಸಮಸ್ಯೆ ಎಂದಿದ್ದರು. ಇಷ್ಟು ಮಂದಿ ನೆಚ್ಚಿಕೊಂಡಿರುವ ಆ ನಾಲ್ಕಾರು ಸಾಲನ್ನು ಬರೆದವರು ಒಂದು ಸಲವಾದರೂ ರನ್ ಮಾಡಿದ್ದರೇ? ಮಾಡಿದ್ದರೂ, ಪ್ರೋಗ್ರಾಮ್ ಬದಲಾದ ಮೇಲೆ ಮತ್ತೆ ಮಾಡಿದ್ದರೇ? ಕೈಪಿಡಿಯ ಉದಾಹರಣೆಯೂ ಪ್ರೋಗ್ರಾಮ್‌ನ ಒಂದು ಅಂಗವೇ. ಪ್ರೋಗ್ರಾಮ್ ಬದಲಾದಾಗಲೆಲ್ಲ ಯಂತ್ರವೇ ಅದನ್ನು ರನ್ ಮಾಡಿ ನೋಡಬೇಕು, ಹಾಗೆ ನೋಡದಿದ್ದರೆ ಆ ಮಾತನ್ನು ಓದುಗರಿಗೆ ಬಿಚ್ಚಿ ಹೇಳಬೇಕು ಎಂಬುದು ನನ್ನ ವಾದ.

ಉದಾಹರಣೆ ಹೇಗೆ ಕೆಡುತ್ತದೆ ಎಂಬುದನ್ನು ಹತ್ತಿರದಿಂದ ನೋಡೋಣ. ಒಟ್ಟು ಹಣ್ಣುಗಳ ಸಂಖ್ಯೆಯನ್ನೂ ಒಂದು ಪೆಟ್ಟಿಗೆಗೆ ಹಿಡಿಸುವ ಹಣ್ಣುಗಳ ಸಂಖ್ಯೆಯನ್ನೂ ಕೊಟ್ಟರೆ ಪೂರ್ತಿ ತುಂಬಿದ ಪೆಟ್ಟಿಗೆಗಳು ಎಷ್ಟೆಂದು ಹೇಳುವ ಪುಟ್ಟ ಫಂಕ್ಷನ್ ಒಂದನ್ನು ಪೈಥಾನ್ ಭಾಷೆಯ ಹಳೆಯ ಆವೃತ್ತಿಯಲ್ಲಿ ಯಾರೋ ಬರೆದಿದ್ದಾರೆ ಎಂದುಕೊಳ್ಳಿ. ಒಳಗೆ ಇರುವುದು ಒಂದೇ ಭಾಗಾಕಾರ. 90 ಹಣ್ಣು, ಪೆಟ್ಟಿಗೆಗೆ 12 ಎಂದರೆ ಉತ್ತರ 7 ಎಂದು ಉದಾಹರಣೆ ಹೇಳುತ್ತದೆ. ಪೈಥಾನ್ 2ರಲ್ಲಿ ಎರಡು ಪೂರ್ಣಾಂಕಗಳನ್ನು ಭಾಗಿಸಿದರೆ ಪೂರ್ಣಾಂಕವೇ ಬರುತ್ತಿತ್ತು, ಹಾಗಾಗಿ ಅದು ಸರಿಯೇ. 2008ರ ಡಿಸೆಂಬರಿನಲ್ಲಿ ಪೈಥಾನ್ 3 ಬಂದಾಗ ಈ ನಿಯಮ ಬದಲಾಯಿತು. ಅದೇ ಸಾಲು ಈಗ 7.5 ಎನ್ನುತ್ತದೆ. ಪೂರ್ತಿ ತುಂಬಿದ ಪೆಟ್ಟಿಗೆಗಳು ಏಳೂವರೆ ಇರಲು ಸಾಧ್ಯವಿಲ್ಲ. ಆದರೂ ಪ್ರೋಗ್ರಾಮ್ ಎಲ್ಲೂ ನಿಲ್ಲುವುದಿಲ್ಲ, ಕೆಂಪಕ್ಷರದ ಎಚ್ಚರಿಕೆ ಬರುವುದಿಲ್ಲ. ಪ್ರಿಂಟ್ ಆದೇಶದ ಬರವಣಿಗೆ ಬದಲಾದದ್ದು ಹೀಗಲ್ಲ: ಹಳೆಯ ರೀತಿಯಲ್ಲಿ ಬರೆದರೆ ಪೈಥಾನ್ 3 ಮೊದಲ ಸಾಲಿನಲ್ಲೇ ತಡೆದು ನಿಲ್ಲಿಸುತ್ತದೆ. ಭಾಗಾಕಾರ ಮಾತ್ರ ಸದ್ದಿಲ್ಲದೆ ಬೇರೆ ಸಂಖ್ಯೆ ಕೊಡುತ್ತದೆ, ಕೈಪಿಡಿ ಹಳೆಯ ಸಂಖ್ಯೆಯನ್ನೇ ಹೇಳುತ್ತಾ ಕೂರುತ್ತದೆ. ಪೈಥಾನ್ 2ಕ್ಕೆ ಅಧಿಕೃತ ಬೆಂಬಲ ನಿಂತದ್ದು 2020ರ ಜನವರಿ 1ರಂದು. ಹನ್ನೊಂದು ವರ್ಷ ಎರಡೂ ಆವೃತ್ತಿಗಳು ಜೊತೆಜೊತೆಗೆ ಬಳಕೆಯಲ್ಲಿದ್ದವು. ಯಾವ ಉದಾಹರಣೆ ಯಾವ ಆವೃತ್ತಿಗೆ ಬರೆದದ್ದೆಂದು ಹೇಳದ ಕೈಪಿಡಿ ಆ ಅವಧಿಯಲ್ಲಿ ಓದುಗರ ದಾರಿ ತಪ್ಪಿಸುವುದು ಸುಲಭವಿತ್ತು.

ಇದಕ್ಕೆ ಪರಿಹಾರ ಪೈಥಾನ್‌ನಲ್ಲೇ ಇತ್ತು. ಟಿಮ್ ಪೀಟರ್ಸ್ ಬರೆದ ಡಾಕ್‌ಟೆಸ್ಟ್ ಎಂಬ ಮಾಡ್ಯೂಲ್ 2001ರಲ್ಲಿ ಪೈಥಾನ್ 2.1ರ ಜೊತೆಗೇ ಬಂತು. ಅದು ಕೆಲಸ ಮಾಡುವ ಬಗೆ ಸರಳ. ಫಂಕ್ಷನ್‌ನ ವಿವರಣೆಯೊಳಗೆ >>> ಎಂಬ ಮೂರು ಬಾಣದ ಗುರುತಿನಿಂದ ಶುರುವಾಗುವ ಸಾಲುಗಳನ್ನು ಅದು ಹುಡುಕುತ್ತದೆ. ಪೈಥಾನ್‌ನ ಜೊತೆ ನೇರವಾಗಿ ಮಾತಾಡುವಾಗ ಪರದೆಯ ಮೇಲೆ ಕಾಣುವ ಗುರುತು ಅದೇ. ಅಲ್ಲಿರುವ ಕೋಡನ್ನು ನಿಜವಾಗಿ ರನ್ ಮಾಡಿ, ಬಂದ ಉತ್ತರವನ್ನು ಅದರ ಕೆಳಗೆ ಬರೆದಿರುವ ಉತ್ತರದೊಡನೆ ಅಕ್ಷರಕ್ಕೆ ಅಕ್ಷರ ಹೋಲಿಸುತ್ತದೆ. ಎರಡೂ ಒಂದೇ ಆದರೆ ಒಂದು ಮಾತೂ ಆಡುವುದಿಲ್ಲ. ಬೇರೆಯಾದರೆ ಯಾವ ಫೈಲು, ಎಷ್ಟನೇ ಸಾಲು, ಸೋತ ಉದಾಹರಣೆ ಯಾವುದು ಎಂದು ತಿಳಿಸಿ, ನಿರೀಕ್ಷಿಸಿದ್ದು 7, ಬಂದದ್ದು 7.5 ಎಂದು ಒಂದರ ಕೆಳಗೊಂದು ಬರೆದು ತೋರಿಸುತ್ತದೆ. ಹಣ್ಣಿನ ಪೆಟ್ಟಿಗೆಯ ಫಂಕ್ಷನ್ ಬರೆದವರು ಪೈಥಾನ್ 3ರಲ್ಲಿ ಈ ಪರೀಕ್ಷೆಯನ್ನು ಒಂದು ಸಲ ನಡೆಸಿದ್ದರೆ ಸಾಕಿತ್ತು: ಕೈಪಿಡಿಯ ತಪ್ಪಿನ ಜೊತೆಗೆ ಫಂಕ್ಷನ್‌ನ ತಪ್ಪೂ ಹೊರಗೆ ಬೀಳುತ್ತಿತ್ತು. ಉದಾಹರಣೆಯನ್ನು ಪರೀಕ್ಷಿಸಲು ಹೋದವರಿಗೆ ಪ್ರೋಗ್ರಾಮ್‌ನ ದೋಷವೇ ಸಿಗುವುದು ಇಂಥ ಕಡೆಯಲ್ಲಿ.

ಪರೀಕ್ಷಿಸದಿದ್ದರೆ ನಷ್ಟ ಯಾರಿಗೆ? ಬರೆದವರಿಗಂತೂ ಅಲ್ಲ, ಅವರಿಗೆ ತಮ್ಮ ಪ್ರೋಗ್ರಾಮ್‌ನ ಒಳಹೊರಗು ಗೊತ್ತಿರುತ್ತದೆ. ಹತ್ತು ವರ್ಷ ಅನುಭವವಿರುವ ಎಂಜಿನಿಯರ್ ಕೂಡ ಉದಾಹರಣೆ ಹಳತಾಗಿದೆ ಎಂದು ಐದು ನಿಮಿಷದಲ್ಲಿ ಊಹಿಸಿ, ಸರಿ ಮಾಡಿಕೊಂಡು ಮುಂದೆ ಹೋಗುತ್ತಾರೆ. ಹೊಡೆತ ಬೀಳುವುದು ಹೊಸದಾಗಿ ಕಲಿಯುವವರಿಗೆ. ಗಣಿತದ ಪುಸ್ತಕದ ಕೊನೆಯಲ್ಲಿ ಕೊಟ್ಟ ಉತ್ತರವೇ ತಪ್ಪಾಗಿದ್ದರೆ, ಲೆಕ್ಕ ಸರಿಯಾಗಿ ಮಾಡಿದ ಹುಡುಗಿಯೂ ತಾನೇ ತಪ್ಪಿದೆನೆಂದು ಹತ್ತು ಸಲ ಅಳಿಸಿ ಬರೆಯುತ್ತಾಳೆ. ಉದಾಹರಣೆ ಕೋಡ್ ಕೆಲಸ ಮಾಡದಾಗ ಕಲಿಯುವವರ ಪಾಡೂ ಅದೇ. ಪುಸ್ತಕದಲ್ಲಿ ತಪ್ಪಿರಬಹುದು ಎಂಬ ಅನುಮಾನ ಬರಲೂ ಒಂದಿಷ್ಟು ತಿಳಿವಳಿಕೆ ಬೇಕು, ಕಲಿಯುವವರ ಬಳಿ ಇನ್ನೂ ಇಲ್ಲದಿರುವುದು ಅದೇ. ಕನ್ನಡ ಮಾಧ್ಯಮದಲ್ಲಿ ಓದಿ ಬಂದವರ ವಿಷಯದಲ್ಲಿ ಇದು ಇನ್ನಷ್ಟು ನಿಜ. ಸಾಫ್ಟ್‌ವೇರ್‌ಗಳ ಕೈಪಿಡಿ ಹೆಚ್ಚುಕಡಿಮೆ ಎಲ್ಲವೂ ಇಂಗ್ಲಿಷಿನಲ್ಲಿವೆ. ಉದ್ದುದ್ದ ವಿವರಣೆ ಅರ್ಧಂಬರ್ಧ ಅರ್ಥವಾದರೂ ಕೋಡ್ ಪೂರ್ತಿ ಅರ್ಥವಾಗುತ್ತದೆ, ಏಕೆಂದರೆ ಅದು ಎಲ್ಲರಿಗೂ ಒಂದೇ. ಇಂಗ್ಲಿಷ್ ಚೆನ್ನಾಗಿ ಬಲ್ಲವರು ಉದಾಹರಣೆ ಕೈಕೊಟ್ಟರೆ ವಿವರಣೆ ಓದಿ ಸುಧಾರಿಸಿಕೊಳ್ಳುತ್ತಾರೆ. ಅಷ್ಟು ಇಂಗ್ಲಿಷ್ ಇಲ್ಲದವರಿಗೆ ಕೈಪಿಡಿಯಲ್ಲಿ ಗಟ್ಟಿಯಾಗಿ ಹಿಡಿದುಕೊಳ್ಳಲು ಇರುವುದು ಉದಾಹರಣೆಯೊಂದೇ.

ನಮ್ಮ ಕಾಲೇಜುಗಳ ಪ್ರಯೋಗಾಲಯಗಳಲ್ಲಿ ಇದರ ಕಷ್ಟ ಬಹುಕಾಲ ನಡೆದಿದೆ. ಬೋರ್ಲೆಂಡ್ ಕಂಪನಿಯ ಟರ್ಬೋ ಸಿ++ ಬಂದದ್ದು 1990ರಲ್ಲಿ. ಅದಕ್ಕೆಂದು ಬರೆದ ಉದಾಹರಣೆಗಳು ಐಒಸ್ಟ್ರೀಮ್ ಡಾಟ್ ಎಚ್, ಕೋನಿಯೊ ಡಾಟ್ ಎಚ್ ಎಂಬ ಹೆಡರ್ ಫೈಲುಗಳಿಂದ ಶುರುವಾಗುತ್ತಿದ್ದವು, ಮೊದಲ ಆದೇಶ ಪರದೆ ಅಳಿಸುವ ಸಿಎಲ್‌ಆರ್‌ಎಸ್‌ಸಿಆರ್ ಆಗಿರುತ್ತಿತ್ತು. 1998ರಲ್ಲಿ ಸಿ++ಗೆ ಅಂತರರಾಷ್ಟ್ರೀಯ ಪ್ರಮಾಣ ರೂಪುಗೊಂಡಾಗ ಐಒಸ್ಟ್ರೀಮ್ ಡಾಟ್ ಎಚ್ ಎಂಬ ಹೆಸರಿಗೆ ಅಲ್ಲಿ ಜಾಗವಿರಲಿಲ್ಲ. ಇಂದಿನ ಕಂಪೈಲರ್‌ಗಳು ಆ ಫೈಲೇ ಇಲ್ಲವೆಂದು ಮೊದಲ ಸಾಲಿಗೇ ನಿಂತುಬಿಡುತ್ತವೆ. ಕೋನಿಯೊ ಡಾಟ್ ಎಚ್ ಎಂದೂ ಪ್ರಮಾಣದ ಭಾಗವಾಗಿರಲೇ ಇಲ್ಲ. ಆದರೂ 1998 ಕಳೆದು ಎಷ್ಟೋ ವರ್ಷಗಳವರೆಗೆ ಭಾರತದ ಅನೇಕ ಪಠ್ಯಪುಸ್ತಕಗಳು, ಲ್ಯಾಬ್ ಮ್ಯಾನ್ಯುಯಲ್‌ಗಳು ಇದೇ ಸಾಲುಗಳನ್ನು ಅಚ್ಚು ಹಾಕುತ್ತಾ ಬಂದವು. ವಿದ್ಯಾರ್ಥಿ ಮನೆಯಲ್ಲಿ ಹೊಸ ಕಂಪೈಲರ್ ಹಾಕಿಕೊಂಡು ಪುಸ್ತಕದ ಮೊದಲ ಪ್ರೋಗ್ರಾಮನ್ನೇ ಬರೆದರೂ ಅದು ಕಂಪೈಲ್ ಆಗದು. ಅದಕ್ಕೆ ಮದ್ದೆಂದು ಹಳೆಯ ಡಾಸ್ ಕಾಲದ ಟರ್ಬೋ ಸಿ++ಅನ್ನು ಹೊಸ ವಿಂಡೋಸ್‌ನೊಳಗೆ ಹೇಗೋ ಕೂರಿಸಿ ನಡೆಸುವುದೇ ರೂಢಿಯಾಯಿತು. ಅಂದರೆ ಉದಾಹರಣೆಯನ್ನು ಕಾಲಕ್ಕೆ ಹೊಂದಿಸುವ ಬದಲು ವಿದ್ಯಾರ್ಥಿಗಳನ್ನು ಉದಾಹರಣೆಯ ಕಾಲಕ್ಕೆ ಒಯ್ದೆವು. ಮರುಮುದ್ರಣಕ್ಕೆ ಮೊದಲು ಪುಸ್ತಕದ ಕೋಡನ್ನೆಲ್ಲ ಅಂದಿನ ಕಂಪೈಲರ್‌ಗೆ ಒಂದು ಸಲ ಕೊಟ್ಟಿದ್ದರೆ ಪ್ರಕಾಶಕರಿಗೆ ಅದೇ ದಿನ ಸಂಗತಿ ತಿಳಿಯುತ್ತಿತ್ತು.

ಪಠ್ಯಪುಸ್ತಕದ ಕೋಡನ್ನು ಬಲ್ಲವರು ಬರೆದಿರುತ್ತಾರೆ, ಬಲ್ಲವರು ತಿದ್ದಿರುತ್ತಾರೆ, ಹಾಗಿರುವಾಗ ಇಷ್ಟೊಂದು ಅಪನಂಬಿಕೆ ಯಾಕೆ ಎಂದು ಕೇಳಬಹುದು. ಇದಕ್ಕೆ ರಿಚರ್ಡ್ ಪ್ಯಾಟಿಸ್ 1988ರಲ್ಲಿ ಪ್ರಕಟಿಸಿದ ಲೇಖನವೇ ಉತ್ತರ. ವಿಂಗಡಿಸಿದ ಪಟ್ಟಿಯನ್ನು ಪ್ರತಿ ಸಲ ಅರ್ಧಕ್ಕೆ ಸೀಳುತ್ತಾ ಬೇಕಾದ ಅಂಶ ಹುಡುಕುವ ಬೈನರಿ ಸರ್ಚ್ ವಿಧಾನವನ್ನು ಕಂಪ್ಯೂಟರ್ ವಿಜ್ಞಾನದ ಮೊದಲ ಪಾಠಗಳಲ್ಲೇ ಕಲಿಸುತ್ತಾರೆ. ಪ್ಯಾಟಿಸ್ 20 ಪಠ್ಯಪುಸ್ತಕಗಳಲ್ಲಿದ್ದ ಬೈನರಿ ಸರ್ಚ್ ಕೋಡನ್ನು ಪರಿಶೀಲಿಸಿದಾಗ ಸರಿಯಾಗಿದ್ದದ್ದು 5ರಲ್ಲಿ ಮಾತ್ರ. ಹದಿನೈದು ಪುಸ್ತಕಗಳ ಲೇಖಕರು ವಿಷಯ ತಿಳಿಯದವರಲ್ಲ. ಕೋಡನ್ನು ಕಣ್ಣಿನಿಂದ ಓದಿ ಒಪ್ಪಿಕೊಳ್ಳುವುದು ಎಷ್ಟು ದುರ್ಬಲವಾದ ಪರಿಶೀಲನೆ ಎಂಬುದನ್ನು ಈ ಸಂಖ್ಯೆ ಹೇಳುತ್ತದೆ. ಮನುಷ್ಯರ ಕಣ್ಣು ಉದ್ದೇಶವನ್ನು ಓದುತ್ತದೆ, ಯಂತ್ರ ಬರೆದದ್ದನ್ನು ಓದುತ್ತದೆ. ಆ ಎಲ್ಲ ತಪ್ಪುಗಳೂ ಒಂದು ಸಲ ರನ್ ಮಾಡಿದ್ದರೆ ಸಿಕ್ಕುತ್ತಿದ್ದವು ಎಂದು ನಾನು ಹೇಳುತ್ತಿಲ್ಲ. ಬೈನರಿ ಸರ್ಚ್‌ನ ತಪ್ಪುಗಳು ಖಾಲಿ ಪಟ್ಟಿ, ಒಂದೇ ಅಂಶದ ಪಟ್ಟಿ, ಪಟ್ಟಿಯಲ್ಲೇ ಇಲ್ಲದ ಅಂಶ ಇಂಥ ಅಂಚಿನ ಸಂದರ್ಭಗಳಲ್ಲಿ ಅಡಗಿರುತ್ತವೆ. ಆದರೆ ಆ ಅಂಚುಗಳನ್ನು ಕೊಟ್ಟು ನೋಡಬೇಕೆಂಬ ಯೋಚನೆ ಬರುವುದೂ ರನ್ ಮಾಡಲು ಕುಳಿತಾಗಲೇ.

ಕೆಲವು ಭಾಷೆಗಳು ಈ ಪಾಠವನ್ನು ಚೆನ್ನಾಗಿ ಕಲಿತಿವೆ. ಗೋ ಭಾಷೆಯಲ್ಲಿ ಉದಾಹರಣೆಯನ್ನು ಪರೀಕ್ಷೆಗಳಿರುವ ಫೈಲಿನಲ್ಲೇ ಒಂದು ಫಂಕ್ಷನ್ ಆಗಿ ಬರೆದು, ಬರಬೇಕಾದ ಉತ್ತರವನ್ನು ಕೊನೆಯ ಟಿಪ್ಪಣಿಯಲ್ಲಿ ಕೊಡುತ್ತಾರೆ. ಕೈಪಿಡಿಯ ಪುಟದಲ್ಲಿ ಕಾಣುವುದೂ ಅದೇ, ಪರೀಕ್ಷೆಯಲ್ಲಿ ಓಡುವುದೂ ಅದೇ. ಎಲಿಕ್ಸರ್‌ನಲ್ಲೂ ಇಂಥ ಏರ್ಪಾಡು ಇದೆ. ಎಲ್ಲಕ್ಕಿಂತ ಮುಂದೆ ಹೋಗಿರುವುದು, ನನ್ನ ದೃಷ್ಟಿಯಲ್ಲಿ, 2015ರಲ್ಲಿ ಮೊದಲ ಸ್ಥಿರ ಆವೃತ್ತಿ ಕಂಡ ರಸ್ಟ್. ರಸ್ಟ್‌ನಲ್ಲಿ ಲೈಬ್ರರಿಯ ಪರೀಕ್ಷೆ ನಡೆಸುವ ಸಾಮಾನ್ಯ ಆದೇಶ ಕೊಟ್ಟರೆ ಸಾಕು, ವಿವರಣೆಯೊಳಗಿನ ಕೋಡ್‌ಗಳೂ ತಾವಾಗಿಯೇ ಕಂಪೈಲ್ ಆಗಿ ಓಡುತ್ತವೆ. ಪರೀಕ್ಷೆ ಬೇಡವೆನ್ನುವವರೇ ಬೇಡವೆಂದು ಬರೆಯಬೇಕು, ಬೇಕೆನ್ನುವವರು ಏನೂ ಮಾಡಬೇಕಿಲ್ಲ. ನೆಟ್‌ವರ್ಕ್ ಸಂಪರ್ಕ ಬೇಡುವ ಉದಾಹರಣೆಯನ್ನು ಕಂಪೈಲ್ ಮಾತ್ರ ಮಾಡಿ, ರನ್ ಮಾಡಬೇಡ ಎಂದು ಗುರುತಿಸಬಹುದು. ಇನ್ನೊಂದು ಸೌಲಭ್ಯ ನನಗೆ ಬಹಳ ಇಷ್ಟವಾದದ್ದು. 'ಹೀಗೆ ಬರೆದರೆ ಕಂಪೈಲ್ ಆಗುವುದಿಲ್ಲ' ಎಂದು ತೋರಿಸುವ ಉದಾಹರಣೆಗಳೂ ಕೈಪಿಡಿಯಲ್ಲಿ ಇರುತ್ತವೆ, ರಸ್ಟ್ ಕಲಿಕೆಯಲ್ಲಿ ಅವುಗಳ ಪಾತ್ರ ದೊಡ್ಡದು. ಅಂಥ ಉದಾಹರಣೆಗೂ ಗುರುತು ಹಾಕಬಹುದು; ಭಾಷೆ ಬದಲಾಗಿ ಮುಂದೊಂದು ದಿನ ಅದು ಕಂಪೈಲ್ ಆಗಿಬಿಟ್ಟರೆ ಪರೀಕ್ಷೆ ಸೋಲುತ್ತದೆ. ಆಗದು ಎಂಬ ಮಾತಿಗೂ ಅಲ್ಲಿ ಲೆಕ್ಕ ಒಪ್ಪಿಸಬೇಕು. ಪರೀಕ್ಷೆಯಿಂದ ಹೊರಗಿಟ್ಟ ಉದಾಹರಣೆಯ ಪಕ್ಕದಲ್ಲಿ ಸಣ್ಣ ಚಿಹ್ನೆಯೊಂದು ಕಾಣುತ್ತದೆ, ಅದರ ಮೇಲೆ ಮೌಸ್ ಇಟ್ಟರೆ ಈ ಉದಾಹರಣೆಯನ್ನು ಪರೀಕ್ಷಿಸಿಲ್ಲ ಎಂಬ ಸೂಚನೆ ತೆರೆದುಕೊಳ್ಳುತ್ತದೆ. ಓದುಗರಿಗೆ ತೋರಬೇಕಾದ ಗೌರವ ಎಂದರೆ ಇದು: ಎಲ್ಲವನ್ನೂ ಪರೀಕ್ಷಿಸಲು ಆಗದಿರಬಹುದು, ಯಾವುದನ್ನು ಪರೀಕ್ಷಿಸಿಲ್ಲ ಎಂದು ಹೇಳಲಂತೂ ಆಗುತ್ತದೆ.

ಆಕ್ಷೇಪಗಳು ಇವೆ, ಅವು ಸುಳ್ಳೂ ಅಲ್ಲ. ಮೊದಲನೆಯದು, ಇಂಥ ಪರೀಕ್ಷೆಗಳು ಕ್ಷುಲ್ಲಕ ಕಾರಣಕ್ಕೆ ಮುರಿದುಬೀಳುತ್ತವೆ ಎಂಬುದು. ವೈಜ್ಞಾನಿಕ ಲೆಕ್ಕಾಚಾರಕ್ಕೆ ಎಲ್ಲೆಡೆ ಬಳಕೆಯಲ್ಲಿರುವ ನಂಪೈ ಲೈಬ್ರರಿ ಇದಕ್ಕೆ ತಕ್ಕ ನಿದರ್ಶನ. 2018ರ ಜನವರಿಯಲ್ಲಿ ಬಂದ ನಂಪೈ 1.14 ಸಂಖ್ಯೆಗಳ ಸಾಲನ್ನು ಪರದೆಯ ಮೇಲೆ ತೋರಿಸುವ ರೀತಿಯನ್ನು ಬದಲಿಸಿತು, ಕೆಲವು ಖಾಲಿ ಜಾಗಗಳು ಮಾಯವಾದವು. ಲೆಕ್ಕದಲ್ಲಿ ಏನೂ ಬದಲಾಗಿರಲಿಲ್ಲ, ಆದರೆ ಅಕ್ಷರಕ್ಕೆ ಅಕ್ಷರ ಹೋಲಿಸುವ ಡಾಕ್‌ಟೆಸ್ಟ್‌ಗೆ ಒಂದು ಖಾಲಿ ಜಾಗವೂ ವ್ಯತ್ಯಾಸವೇ. ನಂಪೈಯನ್ನು ನೆಚ್ಚಿಕೊಂಡಿದ್ದ ಇತರ ಲೈಬ್ರರಿಗಳ ಉದಾಹರಣೆಗಳು ಸೋಲತೊಡಗಿದವು. ಹಳೆಯ ರೀತಿಯಲ್ಲೇ ತೋರಿಸು ಎಂದು ಹೇಳುವ ಒಂದು ಆಯ್ಕೆಯನ್ನು ನಂಪೈ ಕೊಡಬೇಕಾಯಿತು. 2024ರ ಜೂನ್‌ನಲ್ಲಿ ಬಂದ ನಂಪೈ 2.0ರಲ್ಲಿ ಮತ್ತೊಂದು ಬದಲಾವಣೆ: ಬರಿಯ 3.0 ಎಂದು ಕಾಣುತ್ತಿದ್ದ ಸಂಖ್ಯೆ ಈಗ ತನ್ನ ಜಾತಿಯ ಹೆಸರನ್ನು ಸೇರಿಸಿಕೊಂಡು, ಎನ್‌ಪಿ ಡಾಟ್ ಫ್ಲೋಟ್64 ಎಂಬುದರ ಆವರಣದೊಳಗೆ ಕಾಣತೊಡಗಿತು. ಇದನ್ನು ತೋರಿಸಿ, ಪರೀಕ್ಷೆ ಎಂದರೆ ವೃಥಾ ತಲೆನೋವು ಎನ್ನುವವರಿದ್ದಾರೆ.

ನಾನು ಇದನ್ನು ಬೇರೆ ರೀತಿ ನೋಡುತ್ತೇನೆ. ಪರೀಕ್ಷೆ ಸೋತ ಆ ದಿನ ಕೈಪಿಡಿ ಓದುತ್ತಿದ್ದವರ ಪರದೆಯ ಮೇಲೆ ಕಾಣುತ್ತಿದ್ದದ್ದೂ ಹೊಸ ರೂಪವೇ. ಕೈಪಿಡಿಯಲ್ಲಿ 3.0 ಎಂದಿದೆ, ತನ್ನ ಪರದೆಯಲ್ಲಿ ಏನೋ ಉದ್ದನೆಯ ಹೆಸರು ಬರುತ್ತಿದೆ, ತಾನು ಯಾವ ಹೆಜ್ಜೆ ತಪ್ಪಿದೆ ಎಂದು ಹೊಸಬರು ಯೋಚಿಸುತ್ತಾರೆ. ನಮಗೆ ಕ್ಷುಲ್ಲಕ ಎನಿಸಿದ ವ್ಯತ್ಯಾಸ ಅವರಿಗೆ ಕ್ಷುಲ್ಲಕವಲ್ಲ. ಹಾಗಾಗಿ ಸೋತ ಪರೀಕ್ಷೆ ಸುಳ್ಳು ಎಚ್ಚರಿಕೆ ಕೊಟ್ಟಿಲ್ಲ, ಓದುಗರು ಎಡವುವ ಜಾಗವನ್ನು ಅವರಿಗಿಂತ ಮೊದಲು ತೋರಿಸಿದೆ. ನಿಜಕ್ಕೂ ಮುಖ್ಯವಲ್ಲದ ವ್ಯತ್ಯಾಸಗಳಿಗೆ ಡಾಕ್‌ಟೆಸ್ಟ್‌ನಲ್ಲೇ ದಾರಿಗಳಿವೆ: ಖಾಲಿ ಜಾಗಗಳ ವ್ಯತ್ಯಾಸ ಲೆಕ್ಕಿಸಬೇಡ ಎನ್ನಬಹುದು, ಪ್ರತಿ ಸಲ ಬದಲಾಗುವ ಭಾಗದ ಜಾಗದಲ್ಲಿ ಮೂರು ಚುಕ್ಕಿ ಇಡಬಹುದು. ಕ್ರಮ ನಿಶ್ಚಿತವಿಲ್ಲದ ಉತ್ತರವನ್ನು ವಿಂಗಡಿಸಿ ತೋರಿಸುವಂತೆ ಉದಾಹರಣೆಯನ್ನೇ ಬದಲಿಸುವುದು ಇನ್ನೂ ಒಳ್ಳೆಯದು. ಓದುಗರಿಗೂ ಆಗ ಒಂದು ಸಂಗತಿ ಹೆಚ್ಚು ತಿಳಿಯುತ್ತದೆ, ಈ ಕ್ರಮವನ್ನು ನೆಚ್ಚಬಾರದು ಎಂಬುದು. ಪರೀಕ್ಷೆಗೆ ಸಮಯ ಹಿಡಿಯುತ್ತದೆ ಎಂಬ ದೂರೂ ಉಂಟು. ರಸ್ಟ್‌ನಲ್ಲಿ ಒಂದೊಂದು ಉದಾಹರಣೆಯನ್ನೂ ಪ್ರತ್ಯೇಕ ಪ್ರೋಗ್ರಾಮ್ ಆಗಿ ಕಂಪೈಲ್ ಮಾಡಬೇಕಿದ್ದ ಕಾರಣ ದೊಡ್ಡ ಲೈಬ್ರರಿಗಳಲ್ಲಿ ಅದು ನಿಜಕ್ಕೂ ನಿಧಾನವಾಗಿತ್ತು. 2025ರ ಫೆಬ್ರುವರಿಯಲ್ಲಿ ಹೊರಬಂದ ರಸ್ಟ್ 2024 ಆವೃತ್ತಿ ಸಾಧ್ಯವಿದ್ದಷ್ಟು ಉದಾಹರಣೆಗಳನ್ನು ಒಂದೇ ಪ್ರೋಗ್ರಾಮ್‌ಗೆ ಸೇರಿಸಿ ಕಂಪೈಲ್ ಮಾಡುತ್ತದೆ.

ಎರಡನೆಯ ಆಕ್ಷೇಪಕ್ಕೆ ಹೆಚ್ಚು ತೂಕವಿದೆ. ಕೈಪಿಡಿ ಇರುವುದು ಮನುಷ್ಯರಿಗೆ, ಪರೀಕ್ಷೆ ಇರುವುದು ಯಂತ್ರಕ್ಕೆ, ಎರಡನ್ನೂ ಬೆರೆಸಿದರೆ ಎರಡೂ ಕೆಡುತ್ತವೆ ಎನ್ನುತ್ತಾರೆ. ಡಾಕ್‌ಟೆಸ್ಟ್ ಕೈಗೆ ಸಿಕ್ಕಿದ ಉತ್ಸಾಹದಲ್ಲಿ ಇಡೀ ಪರೀಕ್ಷಾ ಸರಣಿಯನ್ನೇ ವಿವರಣೆಯೊಳಗೆ ತುರುಕಿದರೆ ಹೀಗಾಗುವುದು ಖಂಡಿತ: ಐದು ಸಾಲಿನ ಫಂಕ್ಷನ್‌ಗೆ ಐವತ್ತು ಸಾಲು ಉದಾಹರಣೆ, ಅದರಲ್ಲಿ ನಲವತ್ತು ಸಾಲು ಯಾರಿಗೂ ಬೇಡದ ಅಂಚಿನ ಸಂದರ್ಭಗಳು. ಪೈಥಾನ್‌ನ ಅಧಿಕೃತ ಕೈಪಿಡಿಯೇ ಇಂಥ ಪರೀಕ್ಷೆಗಳನ್ನು ಬೇರೆ ಕಡೆ ಇಡಿ ಎನ್ನುತ್ತದೆ, ಅದು ಸರಿಯಾದ ಸಲಹೆ. ನನ್ನ ಬೇಡಿಕೆ ಪರೀಕ್ಷೆಗಳನ್ನೆಲ್ಲ ಉದಾಹರಣೆ ಮಾಡಿ ಎಂದಲ್ಲ, ಉದಾಹರಣೆಗಳನ್ನೆಲ್ಲ ಪರೀಕ್ಷಿಸಿ ಎಂದು. ಯಾವ ಉದಾಹರಣೆ ಇರಬೇಕೆಂಬುದನ್ನು ಓದುಗರ ಅನುಕೂಲವೊಂದೇ ತೀರ್ಮಾನಿಸಲಿ. ತೀರ್ಮಾನವಾದ ಮೇಲೆ ಅದು ಓಡುತ್ತದೆಯೇ ಎಂದು ಯಂತ್ರ ನೋಡಲಿ. ಉದಾಹರಣೆ ಓಡಲು ಬೇಕಾದ, ಆದರೆ ಓದುಗರ ಗಮನ ಸೆಳೆಯಬಾರದ ಪೂರ್ವಸಿದ್ಧತೆಯ ಸಾಲುಗಳಿಗೆ ರಸ್ಟ್ ಅಚ್ಚುಕಟ್ಟಾದ ಉಪಾಯ ಕಂಡುಕೊಂಡಿದೆ: ಸಾಲಿನ ಮೊದಲಿಗೆ # ಗುರುತು ಹಾಕಿದರೆ ಅದು ಕಂಪೈಲ್ ಆಗುತ್ತದೆ, ಪುಟದಲ್ಲಿ ಕಾಣುವುದಿಲ್ಲ. ಈ ಸೌಲಭ್ಯವಿಲ್ಲದ ಕಡೆ ಫಾಸ್ಟ್‌ಎಪಿಐ ಎಂಬ ಪೈಥಾನ್ ಚೌಕಟ್ಟು ಅನುಸರಿಸುವ ಕ್ರಮವಿದೆ. ಅಲ್ಲಿ ಕೈಪಿಡಿಯ ಉದಾಹರಣೆಗಳು ಪ್ರತ್ಯೇಕ ಫೈಲುಗಳಲ್ಲಿವೆ. ಅವುಗಳಿಗೆ ಸಾಮಾನ್ಯ ಪರೀಕ್ಷೆಗಳು ಇವೆ, ಕೈಪಿಡಿಯ ಪುಟ ಆ ಫೈಲುಗಳಿಂದಲೇ ಕೋಡನ್ನು ಎತ್ತಿಕೊಳ್ಳುತ್ತದೆ. ಬರವಣಿಗೆಯ ಓಟಕ್ಕೆ ಅಡ್ಡಿಯಿಲ್ಲ, ಕೈಪಿಡಿಯಲ್ಲಿ ಒಂದು, ಪರೀಕ್ಷೆಯಲ್ಲಿ ಇನ್ನೊಂದು ಎಂಬ ಅಂತರವೂ ಇಲ್ಲ.

ಹಣ ಪಾವತಿ, ಎಸ್ಎಂಎಸ್ ರವಾನೆ, ಬೇರೆ ಸರ್ವರ್‌ನಿಂದ ಮಾಹಿತಿ ತರುವುದು ಇಂಥ ಹೊರಜಗತ್ತಿನ ಕೆಲಸಗಳನ್ನು ಪರೀಕ್ಷೆಯ ನೆಪದಲ್ಲಿ ದಿನಕ್ಕೆ ನೂರು ಸಲ ಮಾಡಲಾಗದು ಎಂಬ ಮಾತೂ ನಿಜ. ಅಲ್ಲಿ ಪೂರ್ತಿ ರನ್ ಮಾಡದೆ ಕಂಪೈಲ್ ಮಾಡಿ ನೋಡಿದರೂ ಅರ್ಧ ಗೆದ್ದಂತೆ. ಹೆಸರು ಬದಲಾದ ಫಂಕ್ಷನ್, ಕಡಿಮೆ ಬಿದ್ದ ಆರ್ಗ್ಯುಮೆಂಟ್, ತೆಗೆದುಹಾಕಿದ ಮಾಡ್ಯೂಲ್, ಇವು ಅಷ್ಟಕ್ಕೇ ಸಿಕ್ಕಿಬೀಳುತ್ತವೆ. ಉಳಿದದ್ದಕ್ಕೆ ಪ್ರಯೋಗಕ್ಕೆಂದೇ ಇರುವ ಸರ್ವರ್ ಸಾಕು.

ಮೂರನೆಯ ಆಕ್ಷೇಪ ಎಲ್ಲಕ್ಕಿಂತ ಗಂಭೀರವಾದದ್ದು. ಪರೀಕ್ಷೆಯಲ್ಲಿ ಗೆದ್ದ ಉದಾಹರಣೆಯೂ ತಪ್ಪಾಗಿರಬಹುದು, ಪರೀಕ್ಷಿಸಿದ್ದೇವೆ ಎಂಬ ಭರವಸೆಯೇ ಆಗ ಅಪಾಯಕ್ಕೆ ದಾರಿ. ಜೋಶುವಾ ಬ್ಲಾಕ್ 2006ರಲ್ಲಿ ಬಯಲಿಗೆ ತಂದ ಸಂಗತಿ ಇದಕ್ಕೆ ಸಾಕ್ಷಿ. ಜಾನ್ ಬೆಂಟ್ಲಿ ತಮ್ಮ ಹೆಸರಾಂತ ಪುಸ್ತಕದಲ್ಲಿ ಬೈನರಿ ಸರ್ಚ್ ಸರಿಯೆಂದು ತರ್ಕದಿಂದ ಸಾಧಿಸಿ ತೋರಿಸಿದ್ದರು, ಪರೀಕ್ಷಿಸಿಯೂ ಇದ್ದರು; ಆದರೂ ಅದರಲ್ಲಿ ಒಂದು ದೋಷ ಉಳಿದಿತ್ತು. ಬ್ಲಾಕ್ ಜಾವಾದ ಲೈಬ್ರರಿಗೆ ಬರೆದ ಬೈನರಿ ಸರ್ಚ್‌ನಲ್ಲೂ ಅದೇ ದೋಷವಿತ್ತು, ಸುಮಾರು ಒಂಬತ್ತು ವರ್ಷ ಯಾರ ಕಣ್ಣಿಗೂ ಬೀಳಲಿಲ್ಲ. ದೋಷವಿದ್ದದ್ದು ನಡುವಿನ ಅಂಶ ಹುಡುಕಲು ಎರಡು ತುದಿಗಳ ಸಂಖ್ಯೆಗಳನ್ನು ಕೂಡಿಸಿ ಎರಡರಿಂದ ಭಾಗಿಸುವ ಒಂದು ಸಾಲಿನಲ್ಲಿ. 32 ಬಿಟ್ ಪೂರ್ಣಾಂಕ 214 ಕೋಟಿ ಚಿಲ್ಲರೆಯ ಮಿತಿ ದಾಟಿದಾಗ ಆ ಮೊತ್ತ ಋಣ ಸಂಖ್ಯೆಯಾಗಿಬಿಡುತ್ತದೆ. ಇದು ಕಾಣಿಸಿಕೊಳ್ಳಬೇಕಾದರೆ ಪಟ್ಟಿಯಲ್ಲಿ ಸುಮಾರು 107 ಕೋಟಿ ಅಂಶಗಳಿರಬೇಕು. ಯಾವ ಕೈಪಿಡಿಯ ಉದಾಹರಣೆಯೂ ಅಷ್ಟು ದೊಡ್ಡದಿರುವುದಿಲ್ಲ. ಆದ್ದರಿಂದ ಪರೀಕ್ಷೆ ಎಲ್ಲ ತಪ್ಪನ್ನೂ ಹಿಡಿಯುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಕಿಲ್ಲ. ಆದರೆ ಈ ಘಟನೆ ಪರೀಕ್ಷೆ ಬೇಡವೆಂದು ಹೇಳುವುದಿಲ್ಲ. ತರ್ಕ, ಪರೀಕ್ಷೆ, ಬಲ್ಲವರ ಕಣ್ಣು ಮೂರನ್ನೂ ದಾಟಿಕೊಂಡು ಬರುವ ತಪ್ಪುಗಳಿವೆ ಎಂದಮೇಲೆ, ಮೂರರಲ್ಲಿ ಅತಿ ಅಗ್ಗದ್ದನ್ನು ಕೈಬಿಡಲು ಯಾವ ಕಾರಣವಿದೆ? ಜೊತೆಗೆ, ಡಾಕ್‌ಟೆಸ್ಟ್ ಬಳಸುವವರಲ್ಲಿ ಒಂದು ಕೆಟ್ಟ ಚಾಳಿಯಿದೆ: ಪ್ರೋಗ್ರಾಮ್ ಕೊಟ್ಟ ಉತ್ತರವನ್ನೇ ಯೋಚಿಸದೆ ನಿರೀಕ್ಷಿತ ಉತ್ತರದ ಜಾಗಕ್ಕೆ ಅಂಟಿಸುವುದು. ಪೆಟ್ಟಿಗೆಯ ಲೆಕ್ಕದಲ್ಲಿ 7.5 ಬಂತೆಂದು ಕೈಪಿಡಿಯಲ್ಲೂ 7.5 ಎಂದು ತಿದ್ದಿದರೆ ಪರೀಕ್ಷೆ ಗೆಲ್ಲುತ್ತದೆ, ತಪ್ಪು ಅಧಿಕೃತವಾಗುತ್ತದೆ. ಉತ್ತರ ಏನಿರಬೇಕೆಂಬುದನ್ನು ಮನುಷ್ಯರು ಮೊದಲೇ ತೀರ್ಮಾನಿಸಬೇಕು, ಆ ಕೆಲಸವನ್ನು ಯಂತ್ರಕ್ಕೆ ಬಿಡಲಾಗದು.

ಕೃತಕ ಬುದ್ಧಿಮತ್ತೆಯ ಸಹಾಯಕ ತಂತ್ರಾಂಶಗಳು ಈಗ ಕೋಡ್ ಬರೆದುಕೊಡುತ್ತಿವೆ, ಕೈಪಿಡಿಯನ್ನೂ ಬರೆಯುತ್ತಿವೆ. ಅವು ಕಲಿತದ್ದರಲ್ಲಿ ಇಂಥ ಕೈಪಿಡಿಗಳ ಉದಾಹರಣೆಗಳೂ ಸೇರಿವೆ. ಹಳತಾದ ಉದಾಹರಣೆ ಇನ್ನು ಮೇಲೆ ಅದನ್ನು ಓದಿದವರ ಬಳಿ ಮಾತ್ರ ಉಳಿಯುವುದಿಲ್ಲ, ಆ ಕೈಪಿಡಿಯನ್ನು ಕಂಡೇ ಇಲ್ಲದವರ ಪರದೆಗೂ ತಲುಪುತ್ತದೆ. ಇಲ್ಲದ ಫಂಕ್ಷನ್‌ಗೆ ಇದೆಯೆನ್ನುವಂಥ ಹೆಸರು ಕೊಟ್ಟು, ಓದಲು ಚೆಂದವಾದ ಉದಾಹರಣೆಯನ್ನು ಈ ತಂತ್ರಾಂಶಗಳು ಕ್ಷಣದಲ್ಲಿ ಬರೆಯಬಲ್ಲವು. ಅದು ಎಷ್ಟು ನಂಬುವಂತಿರುತ್ತದೆಂದರೆ ಬಲ್ಲವರೂ ಓದಿ ತಲೆಯಾಡಿಸಬಹುದು. ಪ್ಯಾಟಿಸ್ ನೋಡಿದ 20 ಪುಸ್ತಕಗಳನ್ನು ಮನುಷ್ಯರು ವರ್ಷಗಟ್ಟಲೆ ಕುಳಿತು ಬರೆದಿದ್ದರು. ಈಗ ಉದಾಹರಣೆಗಳು ಹುಟ್ಟುವ ವೇಗಕ್ಕೆ ಕಣ್ಣಿನ ಪರಿಶೀಲನೆ ಸಾಟಿಯಾಗುವ ಮಾತೇ ಇಲ್ಲ, ಆ ವೇಗಕ್ಕೆ ನಿಲ್ಲಬಲ್ಲದ್ದು ರನ್ ಮಾಡಿ ನೋಡುವ ಯಂತ್ರ ಮಾತ್ರ.

ನಮ್ಮಲ್ಲಿ ಮಾಡಬಹುದಾದ ಕೆಲಸ ಸ್ಪಷ್ಟವಿದೆ. ಎನ್‌ಸಿಇಆರ್‌ಟಿಯ 11 ಮತ್ತು 12ನೇ ತರಗತಿಗಳ ಗಣಕ ವಿಜ್ಞಾನದ ಪಠ್ಯ ಪೈಥಾನ್‌ನಲ್ಲಿದೆ, ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಎಂಜಿನಿಯರಿಂಗ್ ಪಠ್ಯಕ್ರಮದಲ್ಲೂ ಪೈಥಾನ್ ಇದೆ. ಅಂದರೆ ಕಾಲು ಶತಮಾನದಿಂದ ಡಾಕ್‌ಟೆಸ್ಟ್ ಒಳಗೊಂಡಿರುವ ಭಾಷೆಯಲ್ಲೇ ನಮ್ಮ ಮಕ್ಕಳು ಪ್ರೋಗ್ರಾಮಿಂಗ್ ಕಲಿಯುತ್ತಿದ್ದಾರೆ. ಹೊಸದಾಗಿ ಏನನ್ನೂ ಕೊಳ್ಳಬೇಕಿಲ್ಲ. ಪಠ್ಯಪುಸ್ತಕ ಸಮಿತಿಗಳು ಪ್ರತಿ ಮುದ್ರಣಕ್ಕೆ ಮೊದಲು ಪುಸ್ತಕದ ಎಲ್ಲ ಕೋಡನ್ನೂ ರನ್ ಮಾಡಿಸಿ, ಯಾವ ಆವೃತ್ತಿಯಲ್ಲಿ ಯಾವ ತಿಂಗಳು ನೋಡಿದ್ದು ಎಂದು ಮುನ್ನುಡಿಯ ಪುಟದಲ್ಲಿ ಒಂದು ಸಾಲು ಅಚ್ಚು ಹಾಕಲಿ. ಲ್ಯಾಬ್ ಮ್ಯಾನ್ಯುಯಲ್‌ಗಳಿಗೂ ಕಾಲೇಜುಗಳು ಇದೇ ನಿಯಮ ಮಾಡಿಕೊಳ್ಳಲಿ, ವರ್ಷದ ಮೊದಲ ವಾರ ಹಿರಿಯ ವಿದ್ಯಾರ್ಥಿಗಳಿಂದಲೇ ಮಾಡಿಸಬಹುದಾದ ಕೆಲಸ ಇದು. ಸರ್ಕಾರಿ ಸೇವೆಗಳ ಎಪಿಐ ಬಳಸಿ ಆ್ಯಪ್ ಕಟ್ಟುವ ಸಣ್ಣ ಊರುಗಳ ಡೆವಲಪರ್‌ಗಳಿಗೆ ಕೈಪಿಡಿಯ ಉದಾಹರಣೆ ಬಿಟ್ಟರೆ ಕೇಳಿ ತಿಳಿಯಲು ಬೇರೆ ಯಾರೂ ಹತ್ತಿರದಲ್ಲಿರುವುದಿಲ್ಲ. ಸಾಫ್ಟ್‌ವೇರ್ ಮಾಡಿಕೊಡುವ ಗುತ್ತಿಗೆಯಲ್ಲಿ ಕೈಪಿಡಿಯೂ ಸೇರಿರುವಾಗ, ಅದರ ಉದಾಹರಣೆಗಳನ್ನು ಪ್ರತಿ ಬಿಡುಗಡೆಗೆ ಮುಂಚೆ ತಾನಾಗಿ ಪರೀಕ್ಷಿಸುವ ವ್ಯವಸ್ಥೆ ಇರಬೇಕು ಎಂಬ ಷರತ್ತನ್ನು ಟೆಂಡರ್‌ನಲ್ಲೇ ಸೇರಿಸಬಹುದು. ಕನ್ನಡದಲ್ಲಿ ಪ್ರೋಗ್ರಾಮಿಂಗ್ ಪುಸ್ತಕ ಬರೆಯುತ್ತಿರುವವರು ಒಂದು ಹೆಜ್ಜೆ ಮುಂದಿಟ್ಟು, ಪುಸ್ತಕದ ಕೋಡನ್ನೆಲ್ಲ ಎಲ್ಲರಿಗೂ ಸಿಗುವ ಕಡೆ ಇರಿಸಿ, ಭಾಷೆಯ ಹೊಸ ಆವೃತ್ತಿ ಬಂದಾಗಲೆಲ್ಲ ಪರೀಕ್ಷಿಸಿ, ಸೋತ ಉದಾಹರಣೆಗಳ ತಿದ್ದುಪಡಿಯನ್ನು ಪುಟಸಂಖ್ಯೆಯೊಡನೆ ಅಲ್ಲೇ ಪ್ರಕಟಿಸಬೇಕು. ಅಚ್ಚಾದ ಪ್ರತಿಯನ್ನು ತಿದ್ದಲಾಗದು, ಆದರೆ 84ನೇ ಪುಟದ ಮೂರನೇ ಸಾಲು ಹೊಸ ಪೈಥಾನ್‌ನಲ್ಲಿ ಹೀಗಿರಬೇಕು ಎಂದು ಓದುಗರಿಗೆ ತಿಳಿಸಲು ಸಾಧ್ಯವಿದೆ.